ಒಂದೇ ಹಿಡಿ, ಎರಡು ಅಲಗು: ಹಳೆಯ ಚೂರಿ–ಕೊಡಲಿ ಜೋಡಿಯ ಸಡಿಲ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಚೂರಿಯ ಅಲಗನ್ನೂ ಪುಟ್ಟ ಕೊಡಲಿಯ ತಲೆಯನ್ನೂ ಒಂದೇ ಹಿಡಿಗೆ ಬದಲಿಸಿ ಸಿಕ್ಕಿಸುವ ಸೆಟ್ಟುಗಳು ಇಪ್ಪತ್ತನೆಯ ಶತಮಾನದಲ್ಲಿ ಬೇಟೆಗೆ, ಕಾಡಿನ ಬಿಡಾರಕ್ಕೆ ಹೋಗುವವರ ಸಾಮಾನಾಗಿದ್ದವು. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನ ಕೇಸ್, ನ್ಯೂಯಾರ್ಕ್ ರಾಜ್ಯದ ಲಿಟಲ್ ವ್ಯಾಲಿಯ ಕಿನ್‌ಫೋಕ್ಸ್ ಇಂಥವನ್ನು ಮಾಡಿದ ಹೆಸರಾಂತ ಕಂಪನಿಗಳು. ಈ ಸೆಟ್ಟುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಒಂದೇ: ಅಲಗು ಅಲುಗಾಡುತ್ತದೆ. ಚೂರಿ ಅಲುಗಾಡಿದರೆ ಕಿರಿಕಿರಿ. ಕೊಡಲಿ ಅಲುಗಾಡಿದರೆ ಅಪಾಯ, ಏಕೆಂದರೆ ಬೀಸಿದ ಕೈಯಿಂದ ತಲೆ ಕಳಚಿ ಹಾರಬಹುದು.

ರಿಪೇರಿಗೆ ಕೂತವರು ಮಾಡುವ ಮೊದಲ ತಪ್ಪು ಅರ ಕೈಗೆತ್ತಿಕೊಳ್ಳುವುದು. ಎರಡನೆಯದು, ಹಿಡಿಯನ್ನು ತಿರುಪಿನಿಂದ ದವಡೆ ಬಿಗಿಯುವ ಇಕ್ಕಳವಾದ ವೈಸ್‌ನಲ್ಲಿ ಹಿಡಿದು ಹಿಂಡುವುದು. ಈ ಎರಡೂ ಕೆಲಸಕ್ಕೆ ವಾಪಸು ದಾರಿಯಿಲ್ಲ. ಸಡಿಲ ಎಲ್ಲಿದೆ ಎಂದು ಮೊದಲು ಹುಡುಕಿ, ಅಷ್ಟಕ್ಕೆ ಮಾತ್ರ ಲೋಹ ಸೇರಿಸಿ; ಇರುವ ಲೋಹವನ್ನು ತೆಗೆಯಬೇಡಿ. ಇಲ್ಲಿ ಹೇಳುವ ಎಲ್ಲ ವಿಧಾನಗಳೂ ಈ ಮಾತನ್ನೇ ಹಿಡಿದು ನಡೆಯುತ್ತವೆ.

ಒಳಗೇನಿದೆ

ಅಲಗಿನ ಹಿಂಭಾಗದಲ್ಲಿ ಟ್ಯಾಂಗ್ ಎಂದು ಕರೆಯುವ ಚಪ್ಪಟೆ ಬಾಲವಿದೆ. ಹಿಡಿಯಲ್ಲಿ ಎರಡು ಲೋಹದ ಒಳಗೋಡೆಗಳ ನಡುವೆ ಒಂದು ಸೀಳು; ಬಾಲ ಅದರೊಳಗೆ ಹೋಗಿ ಕೂರುತ್ತದೆ. ಬಾಲ ಮುಗಿದು ಅಲಗು ಅಗಲವಾಗುವ ಕಡೆ ಭುಜ, ಅದು ಹಿಡಿಯ ಬಾಯಿಗೆ ತಾಗಿ ನಿಲ್ಲುತ್ತದೆ. ಬಾಲದಲ್ಲಿ ಒಂದು ಕಚ್ಚು ಅಥವಾ ತೂತು ಇರುತ್ತದೆ. ಹಿಡಿಯೊಳಗಿನ ನಾಲಿಗೆಯೊಂದು ಸ್ಪ್ರಿಂಗಿನ ಒತ್ತಿಗೆ ಆ ಕಚ್ಚಿಗೆ ಬಿದ್ದು ಅಲಗನ್ನು ಹಿಡಿದಿಡುತ್ತದೆ. ಕೆಲವು ಸೆಟ್ಟುಗಳಲ್ಲಿ ನಾಲಿಗೆಯ ಬದಲು ಮಡಚುವ ಲಿವರ್, ಇನ್ನು ಕೆಲವದರಲ್ಲಿ ಕೈಯಿಂದ ತಿರುಗಿಸುವ ಸ್ಕ್ರೂ ಇರುತ್ತದೆ. ಹಿಡಿಯ ಹೊರಮೈಗೆ ಮೂಳೆ, ಮರ, ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಪ್ಲಾಸ್ಟಿಕ್) ಅಥವಾ ಅದರಂಥದೇ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ.

ಇಲ್ಲಿ ಒಂದು ಸಂಗತಿ ಮನಸ್ಸಿಗೆ ಹತ್ತಬೇಕು. ನಾಲಿಗೆಯ ಕೆಲಸ ಅಲಗು ಈಚೆ ಬಾರದಂತೆ ತಡೆಯುವುದು, ಅಷ್ಟೇ. ಕಡಿಯುವಾಗಿನ ಪೆಟ್ಟು, ಬಾಗು, ತಿರುಚು ಇವನ್ನೆಲ್ಲ ಹೊರಬೇಕಾದದ್ದು ಸೀಳಿನ ಗೋಡೆ ಮತ್ತು ಭುಜ. ಸೀಳಿನಲ್ಲಿ ಸಂದು ಬಿಟ್ಟುಕೊಂಡಾಗ ಆ ಹೊರೆಯೆಲ್ಲ ಬೆರಳಗಲವೂ ಇಲ್ಲದ ನಾಲಿಗೆಯ ಮೇಲೆ ಬೀಳುತ್ತದೆ. ನಾಲಿಗೆ ಸವೆಯುತ್ತದೆ, ಕಚ್ಚಿನ ಅಂಚು ಉರುಟಾಗುತ್ತದೆ. ಆದ್ದರಿಂದ ನಾಲಿಗೆ ಸವೆದಿದೆ ಎಂದು ಕಂಡ ತಕ್ಷಣ ಅದನ್ನೇ ಸರಿಪಡಿಸಲು ಹೊರಡಬೇಡಿ. ಬಹಳ ಸಲ ಅದು ರೋಗವಲ್ಲ, ಲಕ್ಷಣ.

ಬೇಕಾಗುವ ಸಾಮಾನು

ವರ್ನಿಯರ್ ಕ್ಯಾಲಿಪರ್, ಫೀಲರ್ ಗೇಜ್ (ಸಂದಿಗೆ ತೂರಿಸಿ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, 0.05 ಮಿ.ಮೀ.ನಿಂದ ಶುರುವಾಗುವುದು), 0.05, 0.1 ಮತ್ತು 0.2 ಮಿ.ಮೀ. ದಪ್ಪದ ಹಿತ್ತಾಳೆ ಶಿಮ್ (ಸಂದು ತುಂಬುವ ತೆಳು ತುಂಡು) ಹಾಳೆ, ಚಿಕ್ಕ ಹರಿತ ಕತ್ತರಿ, 220 ಮತ್ತು 400 ನಂಬರಿನ ಮರಳುಕಾಗದ, ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟು, ಮಾರ್ಕರ್ ಪೆನ್ನು, ಸೀಮೆಎಣ್ಣೆ, ಸೀಮೆಸುಣ್ಣ, ಮರದ ಹಲ್ಲುಕಡ್ಡಿ, ಹತ್ತಿ ಕಡ್ಡಿ, ಟಾರ್ಚು. ವೈಸ್ ಇದ್ದರೆ ಅದರ ದವಡೆಗೆ ಮೆತುಮರದ ತುಂಡು ಕಟ್ಟಿಕೊಳ್ಳಿ. ಫೀಲರ್ ಗೇಜ್ ಸಿಗದಿದ್ದರೆ ಕಚೇರಿಯಲ್ಲಿ ಬಳಸುವ 80 ಜಿಎಸ್‌ಎಂ ಕಾಗದ ಸಾಕು. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ, ಎಷ್ಟು ಪದರ ತೂರುತ್ತದೆ ಎಂದು ಎಣಿಸಿಕೊಳ್ಳಬಹುದು.

ಕೆಲಸಕ್ಕೆ ಇಳಿಯುವ ಮೊದಲು ಎರಡೂ ಅಲಗಿನ ಬಾಯಿಗೆ ದಪ್ಪ ರಟ್ಟು ಮಡಚಿ ಟೇಪ್ ಸುತ್ತಿ. ಕೈ ಗಾಯವಾಗುವುದು ಸಾಣೆ ಹಿಡಿಯುವಾಗ ಅಲ್ಲ. ಬಿಗಿಯಾಗಿ ಕೂತ ಅಲಗನ್ನು ಎಳೆಯುವಾಗ ಅದು ಒಮ್ಮೆಲೇ ಕಳಚಿ ಬಂದಾಗ.

ಮೊದಲು ಕೊಳೆ ತೆಗೆಯಿರಿ

ಸಡಿಲ ಅನ್ನಿಸುವುದರಲ್ಲಿ ಒಂದು ಪಾಲು ಬರೀ ಕೊಳೆ. ಎಷ್ಟೋ ವರ್ಷದ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ. ಚರ್ಮದ ಒರೆಯಲ್ಲೇ ಬಿದ್ದಿದ್ದ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿರುತ್ತದೆ, ಏಕೆಂದರೆ ಹದ ಮಾಡಿದ ಚರ್ಮದಲ್ಲಿ ಉಳಿದ ಆಮ್ಲ ಹಿತ್ತಾಳೆಯ ತಾಮ್ರವನ್ನು ತಿನ್ನುತ್ತದೆ. ಈ ಕೊಳೆ ಕಚ್ಚಿನಲ್ಲೋ ನಾಲಿಗೆಯ ಹಿಂದೋ ತುಂಬಿದ್ದರೆ ನಾಲಿಗೆ ಪೂರ್ತಿ ಇಳಿಯುವುದಿಲ್ಲ. ಅರ್ಧ ಇಳಿದ ನಾಲಿಗೆ ಕಚ್ಚಿನ ಅಂಚನ್ನಷ್ಟೇ ಹಿಡಿದಿರುತ್ತದೆ, ಕೈಗೆ ಸಡಿಲವೆನಿಸುತ್ತದೆ.

ಹತ್ತಿ ಕಡ್ಡಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸೀಳಿನೊಳಗೆ ಆಡಿಸಿ, ಹತ್ತು ನಿಮಿಷ ಬಿಡಿ, ಹಲ್ಲುಕಡ್ಡಿಯಿಂದ ಮೂಲೆ ಕೆದಕಿ, ಒಣ ಕಡ್ಡಿಯಿಂದ ಒರೆಸಿ. ಕಡ್ಡಿ ಕಪ್ಪಾಗದೆ ಬರುವವರೆಗೂ ಇದನ್ನೇ ಮಾಡಿ. ಉಕ್ಕಿನ ಸೂಜಿ, ಸ್ಕ್ರೂಡ್ರೈವರ್ ಬೇಡ, ಒಳಗೋಡೆ ಗೀರಿಬಿಡುತ್ತದೆ. ಹಿಡಿಯ ಪಟ್ಟಿ ಸೆಲ್ಯುಲಾಯ್ಡ್ ಆಗಿದ್ದರೆ ಅಸಿಟೋನ್ ಹತ್ತಿರಕ್ಕೂ ತರಬೇಡಿ, ಅದು ಕರಗುತ್ತದೆ. ಮೂಳೆಯ ಹಿಡಿಯನ್ನು ಯಾವ ದ್ರವದಲ್ಲೂ ಮುಳುಗಿಸಿ ಇಡಬಾರದು. ಮರದ ಕೊಡಲಿ ಕಾವು ಸಡಿಲವಾದಾಗ ನೀರಲ್ಲಿ ನೆನೆಹಾಕುವ ರೂಢಿಯಿದೆಯಲ್ಲ, ಅದು ಇಲ್ಲಿ ಪೂರ್ತಿ ತಪ್ಪು. ಪಟ್ಟಿ ಉಬ್ಬಿ ರಿವೆಟ್ಟನ್ನು ಎಳೆಯುತ್ತದೆ, ಆರಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ, ಒಳಗಿನ ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ.

ಕೊಳೆ ಹೋದ ಮೇಲೆ ಅಲಗು ಸಿಕ್ಕಿಸಿ ನೋಡಿ. ಬಿಗಿಯಾಗಿದ್ದರೆ ಕೆಲಸ ಮುಗಿಯಿತು.

ಸಡಿಲ ಎಲ್ಲಿದೆ?

ಒಂದೇ ಹಿಡಿಗೆ ಎರಡು ಅಲಗು ಇರುವುದು ಇಲ್ಲಿ ನಮಗೆ ಬಹಳ ಉಪಕಾರ. ಚೂರಿ ಬಿಗಿ, ಕೊಡಲಿ ಸಡಿಲ ಎಂದಾದರೆ ದೋಷ ಕೊಡಲಿಯ ಬಾಲದಲ್ಲಿ, ಹಿಡಿಯನ್ನು ಮುಟ್ಟುವ ಹಾಗಿಲ್ಲ. ಎರಡೂ ಒಂದೇ ರೀತಿ, ಒಂದೇ ದಿಕ್ಕಿಗೆ ಅಲುಗಾಡಿದರೆ ದೋಷ ಹಿಡಿಯಲ್ಲಿ. ಎರಡೂ ಅಲುಗಾಡುತ್ತವೆ, ಆದರೆ ಒಂದು ಹೆಚ್ಚು ಎಂದಾದರೆ ಎರಡರಲ್ಲೂ ಸವೆತವಿದೆ. ಆಗ ಕಡಿಮೆ ಅಲುಗಾಡುವ ಅಲಗಿನಿಂದ ಶುರುಮಾಡಿ.

ಇನ್ನು ದಿಕ್ಕು. ಹಿಡಿಯನ್ನು ಮೆತುಮರದ ದವಡೆಯಲ್ಲಿ ಹಗುರಾಗಿ ಹಿಡಿಸಿ ಅಲಗನ್ನು ಮೂರು ರೀತಿ ಆಡಿಸಿ: ಒಳಗೆ ತಳ್ಳಿ ಹೊರಗೆ ಎಳೆದು, ಎಡಕ್ಕೆ ಬಲಕ್ಕೆ, ಬೆನ್ನಿನ ಕಡೆಗೆ ಬಾಯಿಯ ಕಡೆಗೆ. ಉದ್ದಕ್ಕೆ ಸರಿದಾಡಿದರೆ ನಾಲಿಗೆ, ಕಚ್ಚು, ಭುಜದ ಮಾತು. ಎಡಬಲಕ್ಕಾದರೆ ಬಾಲದ ದಪ್ಪಕ್ಕೂ ಸೀಳಿನ ಅಗಲಕ್ಕೂ ಸಂದು. ಮೇಲೆ ಕೆಳಗಾದರೆ ಬಾಲದ ಅಗಲಕ್ಕೂ ಸೀಳಿನ ಎತ್ತರಕ್ಕೂ ಸಂದು.

ತುದಿಯಲ್ಲಿ ಕಾಣುವ ಅಲುಗಾಟ ಕಂಡು ಗಾಬರಿಯಾಗಬೇಡಿ. ಬಾಲ 40 ಮಿ.ಮೀ. ಒಳಗಿದ್ದು ಅಲಗಿನ ತುದಿ ಹಿಡಿಯ ಬಾಯಿಯಿಂದ 120 ಮಿ.ಮೀ. ದೂರವಿದೆ ಎಂದುಕೊಳ್ಳಿ. ಸೀಳಿನಲ್ಲಿ ಬರೀ 0.1 ಮಿ.ಮೀ. ಸಂದಿದ್ದರೂ ತುದಿ ಸುಮಾರು 0.7 ಮಿ.ಮೀ. ಓಲಾಡುತ್ತದೆ. ತುದಿಯ ಓಲಾಟ ನೋಡಿ ಶಿಮ್ ದಪ್ಪ ನಿರ್ಧರಿಸಿದವರು ಹಿಡಿಯ ಬಾಯಿ ಸೀಳಿಸಿಕೊಳ್ಳುತ್ತಾರೆ.

ಕೊನೆಯ ಪರೀಕ್ಷೆ ಮಸಿಯದು. ಬಾಲದ ಎರಡೂ ಮುಖಕ್ಕೆ ಮಾರ್ಕರ್ ಬಳಿದು ಒಣಗಿಸಿ, ಸಿಕ್ಕಿಸಿ, ಎಡಬಲಕ್ಕೆ ಇಪ್ಪತ್ತು ಸಲ ಆಡಿಸಿ, ಹೊರತೆಗೆಯಿರಿ. ಮಸಿ ಅಳಿಸಿದ ಕಡೆ ಲೋಹ ತಾಗುತ್ತಿದೆ. ಎರಡೂ ಮುಖದಲ್ಲಿ ಮುಂಭಾಗವೂ ಹಿಂಭಾಗವೂ ಅಳಿಸಿದ್ದರೆ ಸಂದು ಉದ್ದಕ್ಕೂ ಒಂದೇ ಸಮ ಇದೆ. ಹಿಂತುದಿಯಲ್ಲಿ ಮಾತ್ರ ಅಳಿಸಿದ್ದರೆ ಹಿಡಿಯ ಬಾಯಿ ಅಗಲಿದೆ, ಸೀಳು ಕವಲಿನ ಹಾಗೆ ತೆರೆದಿದೆ. ಕೊಡಲಿಯನ್ನು ಜಾಸ್ತಿ ದುಡಿಸಿದ, ಇಲ್ಲವೇ ಅದರ ಹಿಂದಲೆಯನ್ನು ಸುತ್ತಿಗೆಯಂತೆ ಬಳಸಿದ ಸೆಟ್ಟುಗಳಲ್ಲಿ ಇದು ಸಾಮಾನ್ಯ.

ಬಿರುಕು ಇದೆಯೇ?

ಶಿಮ್ ಕತ್ತರಿಸುವ ಮುನ್ನ ಇದನ್ನು ನೋಡಲೇಬೇಕು. ಬಿರುಕು ಬಿಟ್ಟ ಬಾಲವನ್ನು ಬಿಗಿ ಮಾಡಿದರೆ ಅಪಾಯವನ್ನು ಮುಚ್ಚಿಟ್ಟ ಹಾಗಾಗುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಕಚ್ಚಿನ ಒಳಮೂಲೆಯಲ್ಲಿ ಮತ್ತು ಭುಜದ ಮೂಲೆಯಲ್ಲಿ, ಪೆಟ್ಟಿನ ಒತ್ತಡ ಒಟ್ಟುಗೂಡುವ ಜಾಗಗಳು ಅವೇ. ಆ ಭಾಗಕ್ಕೆ ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಸವರಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಸುಣ್ಣಕ್ಕೆ ಏರಿ ಕೂದಲಿನಂಥ ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಅಲಗನ್ನು ನೋಡಲು ಇಟ್ಟುಕೊಳ್ಳಿ, ಬೀಸಬೇಡಿ. ವೆಲ್ಡಿಂಗ್ ಮಾಡಿಸುವ ಯೋಚನೆಯನ್ನೂ ಬಿಡಿ, ಆ ಕಾವಿಗೆ ಉಕ್ಕಿನ ಹದ ಹೋಗುತ್ತದೆ.

ಎಡಬಲದ ಸಡಿಲಕ್ಕೆ ಶಿಮ್

ಶಿಮ್ಮನ್ನು ಬಾಲಕ್ಕೆ ಅಂಟಿಸಬೇಕು, ಸೀಳಿನೊಳಗೆ ಅಲ್ಲ. ಸೀಳಿನೊಳಗೆ ಅಂಟಿಸಿದರೆ ಎರಡೂ ಅಲಗಿಗೆ ಒಂದೇ ಅಳತೆ ಕಟ್ಟಿದಂತಾಗುತ್ತದೆ. ಎರಡರ ಸವೆತ ಒಂದೇ ಇರುವುದು ಅಪರೂಪ. ಅಂಟು ಜಾರಿ ನಾಲಿಗೆಯ ದಾರಿಗೆ ಹೋದರೆ ಬೀಗವೇ ಕೆಡುತ್ತದೆ.

1. ಬಾಲ ಸಿಕ್ಕಿಸಿದ ಸ್ಥಿತಿಯಲ್ಲೇ ಅದರ ಪಕ್ಕದಲ್ಲಿ ಫೀಲರ್ ಗೇಜ್ ತೂರಿಸಿ ಸಂದು ಅಳೆಯಿರಿ. ಬಾಯಿಯ ಹತ್ತಿರ ಒಂದು ಸಲ, ಆದಷ್ಟು ಒಳಗೆ ಒಂದು ಸಲ. ಬಾಲದ ದಪ್ಪವನ್ನು ವರ್ನಿಯರ್‌ನಿಂದ ಮೂರು ಕಡೆ ಅಳೆದು ಬರೆದಿಡಿ.

2. ಒಟ್ಟು ಶಿಮ್ ದಪ್ಪ ಸಂದಿಗಿಂತ 0.02ರಿಂದ 0.03 ಮಿ.ಮೀ. ಕಡಿಮೆ ಇರಲಿ, ಅಂಟಿನ ಪದರಕ್ಕೂ ಜಾಗ ಬೇಕು. ಸಂದು 0.13 ಇದ್ದರೆ 0.1ರ ಒಂದು ಶಿಮ್ ಒಂದು ಮುಖಕ್ಕೆ ಸಾಕು. 0.23 ಇದ್ದರೆ ಎರಡೂ ಮುಖಕ್ಕೆ 0.1ರದೊಂದೊಂದು, ಆಗ ಅಲಗು ಹಿಡಿಯ ನಡುಗೆರೆಯಲ್ಲೇ ನಿಲ್ಲುತ್ತದೆ. ಕೊಡಲಿಗೆ ಈ ನಡುಗೆರೆ ಮುಖ್ಯ. ತಪ್ಪಿದರೆ ಪೆಟ್ಟು ಓರೆಯಾಗಿ ಬಿದ್ದು ಹಿಡಿ ಕೈಯಲ್ಲಿ ತಿರುಚುತ್ತದೆ.

3. ಬಾಲವನ್ನು ಹಿತ್ತಾಳೆ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಗೆರೆಯಿಂದ 1 ಮಿ.ಮೀ. ಒಳಗೆ ಕತ್ತರಿಸಿ. ಕಚ್ಚಿನ ಜಾಗದಲ್ಲಿ ಕಚ್ಚಿಗಿಂತ ಎಲ್ಲ ಕಡೆ 1 ಮಿ.ಮೀ. ದೊಡ್ಡದಾಗಿ ಕತ್ತರಿಸಿ ತೆಗೆಯಿರಿ. ಇದನ್ನು ಮರೆತರೆ ನಾಲಿಗೆ ಶಿಮ್ಮಿನ ಅಂಚಿನ ಮೇಲೆ ಕೂತು, ಬಿದ್ದಂತೆ ಕಾಣಿಸಿ, ಬಿದ್ದಿರುವುದಿಲ್ಲ.

4. ಕತ್ತರಿಸಿದ ಅಂಚು ಮೇಲೆದ್ದಿರುತ್ತದೆ. ಗಾಜಿನ ಮೇಲೆ 400ರ ಕಾಗದ ಹಾಸಿ ಶಿಮ್ಮನ್ನು ಬೆರಳಲ್ಲಿ ಒತ್ತಿ ಉಜ್ಜಿ ಸಮ ಮಾಡಿ. ಮೇಲೆದ್ದ ಅಂಚೊಂದು 0.1ರ ಶಿಮ್ಮನ್ನು 0.2ರದಂತೆ ಮಾಡಿಬಿಡುತ್ತದೆ, ಮತ್ತೆ ಅಳತೆಯನ್ನೇ ಸಂಶಯಿಸುತ್ತ ಕೂರಬೇಕಾಗುತ್ತದೆ.

5. ಅಂಟಿಸದೆ, ಬರೀ ಒಂದು ತೊಟ್ಟು ಎಣ್ಣೆಯ ಮೇಲೆ ಶಿಮ್ ಕೂರಿಸಿ ಸಿಕ್ಕಿಸಿ ನೋಡಿ. ಹೆಬ್ಬೆರಳ ಒತ್ತಿಗೆ ಒಳಹೋಗಬೇಕು, ನಾಲಿಗೆ ತಾನಾಗಿ ಬೀಳಬೇಕು. ಸುತ್ತಿಗೆ ಬೇಕೆನಿಸಿದರೆ ಶಿಮ್ ದಪ್ಪವಾಗಿದೆ. ಹೊಡೆದು ಕೂರಿಸಿದರೆ ಸೀಳು ಬಾಯಿಬಿಡುತ್ತದೆ, ಮೂಳೆಯ ಪಟ್ಟಿ ರಿವೆಟ್ಟಿನ ಕಡೆಯಿಂದ ಬಿರುಕುಬಿಡುತ್ತದೆ.

6. ಸರಿ ಕೂತರೆ ಶಿಮ್ಮಿನ ಅಂಟುವ ಮುಖವನ್ನು 220ರ ಕಾಗದದಲ್ಲಿ ಗೀರಿ. ಬಾಲದ ಮುಖವನ್ನು ಗೀರಬೇಡಿ, ಎಣ್ಣೆ ಹೋಗುವಂತೆ ಒರೆಸಿದರೆ ಸಾಕು. ಎಪಾಕ್ಸಿಯನ್ನು ಆದಷ್ಟು ತೆಳ್ಳಗೆ ಹಚ್ಚಿ, ಮೇಣದ ಕಾಗದದ ನಡುವೆ ಇಟ್ಟು ಎರಡು ಮಟ್ಟಸ ಮರದ ತುಂಡುಗಳಿಂದ ಹಿಡಿಸಿ, 24 ಗಂಟೆ ಬಿಡಿ. ಹಿಡಿಯೊಳಗೆ ಸಿಕ್ಕಿಸಿ ಒಣಗಿಸುವ ಆಸೆ ಬೇಡ. ಹಿಂಡಿ ಬಂದ ಅಂಟು ಎಲ್ಲವನ್ನೂ ಒಂದಾಗಿ ಬೆಸೆದುಬಿಡುತ್ತದೆ.

ಮುಂದೊಂದು ದಿನ ಶಿಮ್ ತೆಗೆಯಬೇಕಾದರೆ ಬಿಸಿಗಾಳಿಯಿಂದ ಕಾಯಿಸಿ, ಎಪಾಕ್ಸಿ ಮೆತ್ತಗಾದಾಗ ಮರದ ಚಕ್ಕೆಯಿಂದ ಎಬ್ಬಿಸಿ. ಬೆಸುಗೆ ಹಾಕಿ ಶಿಮ್ ಕೂರಿಸುವುದನ್ನು ನಾವು ಒಪ್ಪುವುದಿಲ್ಲ. ತವರ–ಸೀಸದ ಮೃದು ಬೆಸುಗೆ ಕರಗುವುದೇ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಂಕಿ ಹಿಡಿದವರ ಕೈ ಅಲ್ಲಿಗೆ ನಿಲ್ಲುವುದಿಲ್ಲ. ಇಂಗಾಲದ ಉಕ್ಕಿನ ಅಲಗು ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿತೆಂದರೆ 220 ಡಿಗ್ರಿ ಮುಟ್ಟಿದೆ ಎಂದರ್ಥ. ಇನ್ನೂ ಕಾದು ನೀಲಿಗೆ ಹೋದರೆ ಅಂಚು ಹಿಡಿಯುವ ಗಡಸು ಉಳಿಯುವುದಿಲ್ಲ.

ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ. ಅಳತೆ ಹುಡುಕಲು ಅದು ಒಳ್ಳೆಯದು, ಖಾಯಂ ಆಗಿ ಬಿಡಲು ಅಲ್ಲ. ಮೆತುವಾದ್ದರಿಂದ ಬೇಗ ಸವೆಯುತ್ತದೆ, ತೇವವಿರುವಾಗ ಉಕ್ಕಿನ ಜೊತೆ ಸೇರಿ ತಾನೇ ಕರಗುತ್ತ ಬಿಳಿ ಪುಡಿ ಬಿಡುತ್ತದೆ.

ಮೇಲೆ ಕೆಳಗಿನ ಸಡಿಲವೂ ಜೊತೆಗಿದ್ದರೆ ಎರಡು ಶಿಮ್ ಬೇಡ. ಒಂದೇ ಹಾಳೆಯನ್ನು ಬಾಲದ ಬೆನ್ನಿನ ಮೇಲೆ ಮಡಚಿ, ಕುದುರೆಯ ಜೀನಿನಂತೆ ಎರಡೂ ಪಕ್ಕಕ್ಕೆ ಇಳಿಬಿಡಿ. ಬೆನ್ನಿನ ಕಡೆಯ ಸಂದನ್ನೂ ಪಕ್ಕದ ಸಂದನ್ನೂ ಅದೇ ತುಂಬುತ್ತದೆ.

ಬಾಯಿ ಅಗಲಿದ ಹಿಡಿ

ಇಲ್ಲಿ ಶಿಮ್ ಅಷ್ಟಾಗಿ ಫಲಿಸದು. ಒಳಗೆ ಬಿಗಿ, ಬಾಯಿಯಲ್ಲಿ ಸಡಿಲ ಇರುವ ಸೀಳಿಗೆ ಒಂದೇ ದಪ್ಪದ ಹಾಳೆ ಹೇಗೆ ಹೊಂದೀತು? ಮೊದಲು ರಿವೆಟ್ ನೋಡಿ. ಪಟ್ಟಿಯನ್ನು ಒತ್ತಿದಾಗ ಅಲುಗಿದರೆ, ಅಂಚಿನಲ್ಲಿ ಕಾಗದ ತೂರಿದರೆ, ಬಾಯಿ ಅಗಲಲು ರಿವೆಟ್ ಸಡಿಲವಾದದ್ದೇ ಕಾರಣ.

ಅಲಗನ್ನು ಸೀಳಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಸೀಳು ಅತಿಯಾಗಿ ಮುಚ್ಚಿಕೊಂಡು ಬಾಲವೇ ಒಳಹೋಗದು. ಬಾಲಕ್ಕೆ ಒಂದು ಸುತ್ತು ತೆಳುವಾದ ಬೆಣ್ಣೆ ಕಾಗದ ಸುತ್ತಿ ಸಿಕ್ಕಿಸಿ, ಮುಗಿದ ಮೇಲೆ ಆ ಕಾಗದದಷ್ಟೇ ಸಂದು ಉಳಿಯುತ್ತದೆ. ರಿವೆಟ್ಟಿನ ಒಂದು ತಲೆ ಗಟ್ಟಿ ಉಕ್ಕಿನ ಮೇಲೆ ಕೂರಲಿ. ಇನ್ನೊಂದು ತಲೆಯನ್ನು 100 ಗ್ರಾಂ ಆಸುಪಾಸಿನ ಗುಂಡು ಮುಖದ ಸುತ್ತಿಗೆಯಿಂದ, ಅಂಚಿನ ಸುತ್ತ ತಿರುಗುತ್ತ, ತಟ್ಟಿ ತಟ್ಟಿ ಹರಡಿ. ಹತ್ತು ತಟ್ಟು, ಪರೀಕ್ಷೆ, ಮತ್ತೆ ಹತ್ತು ತಟ್ಟು. ಪಟ್ಟಿ ಅಲುಗುವುದು ನಿಂತ ಕ್ಷಣ ಕೈ ನಿಲ್ಲಿಸಿ. ಅದರಾಚೆಗಿನ ಪ್ರತಿ ಪೆಟ್ಟಿಗೂ ರಿವೆಟ್ಟಿನ ಕಡ್ಡಿ ತೂತಿನೊಳಗೆ ಉಬ್ಬುತ್ತದೆ, ಮೂಳೆ ಸೀಳುತ್ತದೆ. ಸೆಲ್ಯುಲಾಯ್ಡ್ ಪಟ್ಟಿಯಲ್ಲಿ ಆಗಲೇ ಸಣ್ಣ ಬಿರುಕಿನ ಜಾಲ ಕಂಡರೆ ರಿವೆಟ್ ಮುಟ್ಟಲೇಬೇಡಿ. ಬಾಯಿಯ ಹತ್ತಿರ ಮಾತ್ರ 10 ಮಿ.ಮೀ. ಅಗಲದ ಶಿಮ್ ಪಟ್ಟಿ ಅಂಟಿಸಿ, ಆ ಸೆಟ್ಟನ್ನು ಹಗುರ ಕೆಲಸಕ್ಕಷ್ಟೇ ಇಟ್ಟುಕೊಳ್ಳುವುದು ಸರಿ.

ಉದ್ದಕ್ಕೆ ಸರಿದಾಡುವ ಅಲಗು

ಅಲಗು ಒಳಗೆ ಸರಿದರೆ ಭುಜ ಬಾಯಿಗೆ ತಾಗುತ್ತದೆ, ಹೊರಗೆ ಸರಿದರೆ ಕಚ್ಚು ನಾಲಿಗೆಗೆ ತಾಗುತ್ತದೆ. ಈ ಎರಡರ ನಡುವಿನ ಅಂತರವೇ ಸಡಿಲ. ಸವೆದದ್ದು ನಾಲಿಗೆಯಾದರೂ ಕಚ್ಚಾದರೂ ಮದ್ದು ಭುಜದಲ್ಲಿದೆ.

ಹಿತ್ತಾಳೆ ಹಾಳೆಯಲ್ಲಿ ಭುಜದ ಆಕಾರದ ತುಂಡು ಕತ್ತರಿಸಿ, ನಡುವೆ ಬಾಲ ಹೋಗುವಷ್ಟು ಕಂಡಿ ತೆಗೆಯಿರಿ. ಇದನ್ನು ವಾಷರಿನಂತೆ ಬಾಲಕ್ಕೆ ಪೋಣಿಸಿ ಭುಜದವರೆಗೆ ತಳ್ಳಿ. ಅಂಟೂ ಬೇಡ. ಅಲಗು ಅಷ್ಟು ಮಟ್ಟಿಗೆ ಹೊರಗೆ ನಿಲ್ಲುತ್ತದೆ, ಕಚ್ಚು ನಾಲಿಗೆಯನ್ನು ಬಿಗಿಯಾಗಿ ಒತ್ತುತ್ತದೆ. 0.1ರಿಂದ ಶುರುಮಾಡಿ, ಸಾಲದಿದ್ದರೆ ಇನ್ನೊಂದು 0.05 ಸೇರಿಸಿ.

ಒಂದು ಎಚ್ಚರಿಕೆ. ವಾಷರ್ ದಪ್ಪವಾದರೆ ಅಲಗು ಗಟ್ಟಿಯಾಗಿ ಕೂತಂತೆ ಅನಿಸುತ್ತದೆ, ಆದರೆ ನಾಲಿಗೆ ಪೂರ್ತಿ ಇಳಿದಿರುವುದಿಲ್ಲ. ಮೊದಲ ಪೆಟ್ಟಿಗೆ ಕಳಚುತ್ತದೆ. ಹಾಗಾಗಿ ಅಲಗಿಲ್ಲದೆ ಖಾಲಿ ಹಿಡಿಯಲ್ಲಿ ಗುಂಡಿ ಅಥವಾ ಲಿವರ್ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಮಾರ್ಕರ್‌ನಿಂದ ಗುರುತು ಹಾಕಿ. ವಾಷರ್ ಇಲ್ಲದೆ ಅಲಗು ಸಿಕ್ಕಿಸಿದಾಗ ಎಲ್ಲಿ, ವಾಷರ್ ಹಾಕಿ ಸಿಕ್ಕಿಸಿದಾಗ ಎಲ್ಲಿ ಎಂದು ಹೋಲಿಸಿ. ಇವೆರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿದ್ದರೆ ವಾಷರ್ ತೆಳ್ಳಗೆ ಮಾಡಿ.

ನಾಲಿಗೆಯ ಮುಖ ಓರೆಯಾಗಿದೆ ಎಂದು ಅದನ್ನು ಅರದಿಂದ ನೇರ ಮಾಡಬೇಡಿ. ಎಷ್ಟೋ ಬೀಗಗಳಲ್ಲಿ ಆ ಓರೆ ಬೇಕೆಂದೇ ಕೊಟ್ಟದ್ದು. ಸವೆದಂತೆಲ್ಲ ನಾಲಿಗೆ ಇನ್ನಷ್ಟು ಒಳಗಿಳಿದು ಬೆಣೆಯಂತೆ ಬಿಗಿ ಹಿಡಿಯಲಿ ಎಂಬ ಲೆಕ್ಕ ಅದು.

ಸ್ಪ್ರಿಂಗ್ ಸೋತಿದ್ದರೆ ಗುಂಡಿ ಒತ್ತಿ ಬಿಟ್ಟಾಗ ಟಕ್ ಎಂದು ಮರಳದೆ ಆಲಸ್ಯದಿಂದ ಬರುತ್ತದೆ. ಸುರುಳಿ ಸ್ಪ್ರಿಂಗಾದರೆ ತಂತಿಯ ದಪ್ಪ, ಹೊರ ಅಗಲ, ಒತ್ತಡವಿಲ್ಲದಾಗಿನ ಉದ್ದ ಈ ಮೂರನ್ನು ಅಳೆದು ಅದೇ ಅಳತೆಯದು ಹಾಕಿ. ಹಳೆಯದನ್ನು ಎಳೆದು ಉದ್ದ ಮಾಡಿದರೆ ಕೆಲವೇ ದಿನಕ್ಕೆ ಮತ್ತೆ ಕುಗ್ಗುತ್ತದೆ. ಚಪ್ಪಟೆ ಸ್ಪ್ರಿಂಗನ್ನು ಬಗ್ಗಿಸುವಾಗ ಒತ್ತಿ, ಹೊಡೆಯಬೇಡಿ. ಒಂದು ಸಲಕ್ಕೆ ಒಂದು ಮಿ.ಮೀ.ಗಿಂತ ಹೆಚ್ಚು ಬೇಡ. ಗಡಸು ಉಕ್ಕು ಸೂಚನೆ ಕೊಡದೆ ಮುರಿಯುತ್ತದೆ. ಮುರಿದರೆ ಅದೇ ದಪ್ಪದ ಫೀಲರ್ ಗೇಜ್ ಎಲೆಯಿಂದ ಹೊಸದು ಕತ್ತರಿಸಿಕೊಳ್ಳಬಹುದು, ಅದು ಸ್ಪ್ರಿಂಗ್ ಉಕ್ಕೇ.

ಸ್ಕ್ರೂ ಇರುವ ಸೆಟ್ಟುಗಳ ವಿಷಯ ಚಿಕ್ಕದು. ಹಳೆಯ ಅಮೆರಿಕನ್ ಸಾಮಾನಿನ ಸ್ಕ್ರೂ ಮರೆ (ಥ್ರೆಡ್) ಇಂಚಿನ ಲೆಕ್ಕದ್ದು. ಹತ್ತಿರದ ಅಳತೆಯ ಮಿಲಿಮೀಟರ್ ಸ್ಕ್ರೂ ತುರುಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಒಳಮರೆ ಹರಿಯುತ್ತದೆ. ಮರೆ ಗೇಜ್ ಹಿಡಿದು ನೋಡಿಯೇ ಸ್ಕ್ರೂ ಆರಿಸಿ.

ಪರೀಕ್ಷೆ

ಚೂರಿಗೆ ಕೈಯ ಬಲ ಸಾಕು. ಅಲಗಿನ ಬಾಯಿಗೆ ರಟ್ಟು ಸುತ್ತಿ, ಮೂರೂ ದಿಕ್ಕಿಗೆ ಒತ್ತಿ ನೋಡಿ.

ಕೊಡಲಿಗೆ ಹಂತಗಳಿವೆ. ಹಿಡಿಯನ್ನು ವೈಸ್‌ನಲ್ಲಿ ತಲೆಕೆಳಗಾಗಿ ಹಿಡಿಸಿ, ದಪ್ಪ ಕೈಗವಸು ಹಾಕಿ ಕೊಡಲಿಯ ತಲೆಯನ್ನು ಜೋರಾಗಿ ಕೆಳಕ್ಕೆ ಎಳೆಯಿರಿ. ಅಲ್ಲಾಡದಿದ್ದರೆ ಮೆತುಮರದ ಕೊರಡಿಗೆ ಮೊಣಕೈಯಿಂದ ಮಾತ್ರ ಬೀಸಿ ಹತ್ತು ಏಟು. ಆಗ ಎದುರಿಗಾಗಲಿ ಬೆನ್ನಿಗಾಗಲಿ, ಬೀಸಿನ ದಾರಿಯಲ್ಲಿ ಯಾರೂ ನಿಂತಿರಬಾರದು. ಅಲಗು ಕಳಚಿ ಶಿಮ್ ಜರುಗಿದೆಯೇ, ನಾಲಿಗೆಯ ಗುರುತು ಬದಲಾಗಿದೆಯೇ ನೋಡಿ. ಮತ್ತೆ ಇಪ್ಪತ್ತು ಏಟು, ಮತ್ತೆ ತಪಾಸಣೆ. ಎರಡನೆಯ ಸುತ್ತಿನಲ್ಲಿ ಸಂದು ಮತ್ತೆ ಬಿಟ್ಟಿದ್ದರೆ ಅಂಟು ಹಿಡಿದಿಲ್ಲ ಅಥವಾ ಒಳಗೋಡೆಯೇ ಬಾಗುತ್ತಿದೆ. ಒಳಗೋಡೆ ಬಾಗುತ್ತಿದ್ದರೆ ಆ ಹಿಡಿಗೆ ಇನ್ನು ಚೂರಿ ಮಾತ್ರ ಸಾಕು.

ಬಿಗಿಯಾದ ಮೇಲೂ ಇದು ಬಿಡಿ ತಲೆಯ ಪುಟ್ಟ ಕೊಡಲಿಯೇ. ಮೂರು ನಾಲ್ಕು ಸೆಂ.ಮೀ. ದಪ್ಪದ ಕೊಂಬೆ ಇದರ ಮಿತಿ ಎಂದು ನಮ್ಮ ಅಭಿಪ್ರಾಯ. ಹಿಂದಲೆಯಿಂದ ಗೂಟ ಹೊಡೆಯುವುದು, ಚೂರಿಯ ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳುವುದು, ಇವೆರಡನ್ನೂ ಬಿಡಿ. ಸೀಳಿನ ಬಾಯಿ ಅಗಲುವುದು ಅದರಿಂದಲೇ.

ಎತ್ತಿಡುವಾಗ

ಕಂಪನಿಯ ಮುದ್ರೆ ಹೆಚ್ಚಾಗಿ ಬಾಲದ ಹತ್ತಿರವೇ ಒತ್ತಿರುತ್ತದೆ. ತುಕ್ಕು ತೆಗೆಯುವ ಉತ್ಸಾಹದಲ್ಲಿ ಅಲ್ಲಿ ಮರಳುಕಾಗದ ಓಡಿಸಿದರೆ ಸೆಟ್ಟಿನ ಗುರುತೇ ಅಳಿಸುತ್ತದೆ, ಸಂಗ್ರಹಕಾರರ ಕಣ್ಣಲ್ಲಿ ಬೆಲೆಯೂ ಇಳಿಯುತ್ತದೆ. ಅಲ್ಲಿ 0000 ನಂಬರಿನ ಉಕ್ಕಿನ ಉಣ್ಣೆ (ಸ್ಟೀಲ್ ವೂಲ್) ಮತ್ತು ಎಣ್ಣೆಗಿಂತ ಮುಂದೆ ಹೋಗಬೇಡಿ. ಅಲಗುಗಳನ್ನು ಹಿಡಿಯಿಂದ ಬಿಡಿಸಿ, ತೆಳುವಾಗಿ ಮಿನರಲ್ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡಿ. ಚರ್ಮದ ಒರೆ ಪಕ್ಕದಲ್ಲಿರಲಿ, ಅಲಗು ಅದರೊಳಗೆ ಬೇಡ. ಯಾವ ಅಲಗಿಗೆ ಎಷ್ಟು ದಪ್ಪದ ಶಿಮ್, ಯಾವ ಮುಖಕ್ಕೆ, ಭುಜಕ್ಕೆ ಎಷ್ಟರ ವಾಷರ್ ಎಂದು ಒಂದು ಚೀಟಿಯಲ್ಲಿ ಬರೆದು ಒರೆಯೊಳಗೆ ಇಟ್ಟುಬಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಅಳತೆ ಮತ್ತೆ ಹುಡುಕುವ ಕೆಲಸ ತಪ್ಪುತ್ತದೆ.